ಅಟ್ಟದ ಮೇಲಿನ ವಿಡಿಯೊ ಕ್ಯಾಸೆಟ್‌ಗಳನ್ನು ರದ್ದಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮ ಸಂಘ ಸಂಸ್ಥೆಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಅಮೃತ ಮಹೋತ್ಸವಗಳನ್ನು ಆಚರಿಸುವ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ಹಳೆಯ ಛಾಯಾಚಿತ್ರ, ಆಮಂತ್ರಣ ಪತ್ರಿಕೆ, ವಾರ್ಷಿಕ ವರದಿಗಳನ್ನು ಕಳುಹಿಸಿಕೊಡಬೇಕೆಂದು ಕೋರುವ ಪ್ರಕಟಣೆಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತವೆ. ಅಂಥ ಒಂದು ಪ್ರಕಟಣೆಯಲ್ಲಾದರೂ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಫೋಟೊದಲ್ಲಿ ನಿಂತ ಮನುಷ್ಯನ ಮುಖ ಮಾತ್ರ ಸಿಗುತ್ತದೆ. ಅವನು ನಡೆದ ರೀತಿ, ಆಡಿದ ಮಾತು, ಹಾಡಿದ ಪದ ಕ್ಯಾಸೆಟ್‌ನಲ್ಲಿ ಮಾತ್ರ ಇವೆ. ಆ ಕ್ಯಾಸೆಟ್‌ಗಳು ಡೊಂಬಿವಲಿಯಿಂದ ಮೀರಾರೋಡ್‌ವರೆಗೆ ನಮ್ಮವರ ಮನೆಗಳ ಅಟ್ಟಗಳಲ್ಲಿ, ಮಂಚದ ಕೆಳಗಿನ ಪೆಟ್ಟಿಗೆಗಳಲ್ಲಿ, ಸಂಘಗಳ ಕಚೇರಿಯ ಕಪಾಟುಗಳಲ್ಲಿ ಇನ್ನೂ ಇವೆ. ಅವುಗಳನ್ನು ಕಂಪ್ಯೂಟರ್‌ಗೆ ಏರಿಸುವ ಕೆಲಸವನ್ನು ಮನೆಮನೆಯವರೂ ತಮಗೆ ತೋಚಿದ ಅಂಗಡಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಬದಲು ನಮ್ಮ ಸಂಘಗಳೇ ಕೈಗೆತ್ತಿಕೊಂಡು ಸರಿಯಾದ ಕ್ರಮದಲ್ಲಿ ಮಾಡಿಸಬೇಕು, ಅದನ್ನೂ ಈಗಲೇ ಮಾಡಿಸಬೇಕು ಎಂದು ವಿನಂತಿಸುವುದಕ್ಕಾಗಿ ಈ ಪತ್ರ.

ಮದುವೆ, ಮುಂಜಿ, ಗೃಹಪ್ರವೇಶ, ಸಂಘದ ವಾರ್ಷಿಕೋತ್ಸವಗಳ ವಿಡಿಯೊ ತೆಗೆಯುವುದು ನನ್ನ ಉದ್ಯೋಗವಾಗಿತ್ತು. ಹೀಗಾಗಿ ಈ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗಿದೆ ಎಂದು ಭಾವಿಸಿದ್ದೇನೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂದ ಮೇಲೆ ನಮ್ಮವರ ಮನೆಗಳಿಗೂ ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್ ಬಂತು. ಕೆಲವರಿಗೆ ಕೊಲ್ಲಿ ದೇಶಗಳಲ್ಲಿದ್ದ ಅಣ್ಣತಮ್ಮಂದಿರು ತಂದುಕೊಟ್ಟದ್ದು, ಇನ್ನು ಕೆಲವರು ಮನೀಶ್ ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ತಂದದ್ದು. ಹೆಗಲ ಮೇಲೆ ಹೊರುವ ಪ್ಯಾನಾಸೋನಿಕ್ ಎಂ 3000, ಎಂ 9000 ಕ್ಯಾಮೆರಾಗಳು, ಜತೆಯಲ್ಲಿ ಕಣ್ಣು ಕುಕ್ಕುವ ಹ್ಯಾಲೋಜನ್ ದೀಪ ಹಿಡಿದ ಒಬ್ಬ ಹುಡುಗ, ಅವನ ಹಿಂದೆ ವಯರ್ ಎಳೆಯುವ ಇನ್ನೊಬ್ಬ, ಇಷ್ಟು ಮಂದಿ ಮಂಟಪದ ಮುಂದೆ ನಿಂತರೆ ನೆಂಟರಿಗೆ ಮುಹೂರ್ತ ಕಾಣುತ್ತಿರಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೂ ನಾವು ಅಂದು ತೆಗೆದದ್ದರಲ್ಲಿ ವಧೂವರರ ಆಚೆಗೂ ಬಹಳ ಸಂಗತಿಗಳು ಸೇರಿಕೊಂಡವು. ಊರಿನಲ್ಲಿ ಹೆದ್ದಾರಿ 66ರ ಅಗಲೀಕರಣಕ್ಕೆ ಹೋದ ಹಂಚಿನ ಮನೆಯ ಚಾವಡಿ, ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಿದ್ದ ಯಕ್ಷಗಾನ ಮೇಳಗಳ ಇಡೀ ರಾತ್ರಿಯ ಆಟ, ಮುಂಬಯಿಯ ಕೋಟೆ (ಫೋರ್ಟ್) ಪರಿಸರದ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆ ಪಾಠಕ್ಕೆ ಬರುತ್ತಿದ್ದ ಹುಡುಗರು ಆಡಿದ ನಾಟಕ, ಇವೆಲ್ಲ ಬೇರೆ ಯಾವ ದಾಖಲೆಯಲ್ಲಿ ಚಲಿಸುವ ರೂಪದಲ್ಲಿ ಉಳಿದಿವೆ ಎಂದು ಕೇಳಿದರೆ ಉತ್ತರಿಸುವುದು ಕಷ್ಟ.

ಈಗಲೇ ಏಕೆ ಎಂಬುದಕ್ಕೆ ಮೊದಲ ಕಾರಣ ಯಂತ್ರ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದ ವಿಎಚ್‌ಎಸ್ ಪದ್ಧತಿಯ ವಿಸಿಆರ್‌ಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಫುನಾಯಿ ಕಂಪನಿಯೂ 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಅಲ್ಲಿಂದೀಚೆಗೆ ನಾವು ಬಳಸುತ್ತಿರುವುದೆಲ್ಲ ಹಳೆಯ ಯಂತ್ರ. ಅದರ ಬೆಲ್ಟ್ ಸಡಿಲವಾದರೆ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿನ ರಬ್ಬರ್ ಗಟ್ಟಿಯಾದರೆ, ಟೇಪನ್ನು ಓದುವ ಹೆಡ್ ಸವೆದರೆ ಇನ್ನೊಂದು ಹಳೆಯ ಯಂತ್ರವನ್ನು ಬಿಚ್ಚಿ ಅದರ ಭಾಗವನ್ನು ಇದಕ್ಕೆ ಹಾಕಬೇಕು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಸಿಆರ್ ರಿಪೇರಿ ಬಲ್ಲ ಕೈಗಳು ಒಂದೊಂದಾಗಿ ನಿವೃತ್ತವಾಗುತ್ತಿವೆ, ಅವರ ಮಕ್ಕಳು ಮೊಬೈಲ್ ರಿಪೇರಿಯಲ್ಲಿದ್ದಾರೆ. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲೇ, 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಟೇಪುಗಳಲ್ಲಿ ಹೆಚ್ಚಿನವು ಕಳೆದುಹೋದಂತೆಯೇ ಸರಿ ಎಂದು ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೊ ಸಹ ಧ್ವನಿ ಮತ್ತು ದೃಶ್ಯಶ್ರವ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜತೆಗೂಡಿ ಇದೇ ಎಚ್ಚರಿಕೆಯನ್ನು ಜಗತ್ತಿಗೆಲ್ಲ ಸಾರಿತು. ಆ ಗಡುವು ದಾಟಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ, ಟೇಪುಗಳು ಕ್ಯಾಲೆಂಡರ್ ನೋಡಿ ಸಾಯುವುದಿಲ್ಲ. ಆದರೆ ಅವುಗಳನ್ನು ಓಡಿಸಬಲ್ಲ ಯಂತ್ರಗಳೂ ಕೈಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ಕಣ್ಣಿಗೆ ಕಾಣುವ ಸತ್ಯ.

ಎರಡನೆಯ ಕಾರಣ ನಮ್ಮ ಮುಂಬಯಿಯ ಹವೆ. ವಿಡಿಯೊ ಟೇಪು ಎಂದರೆ ಸುಮಾರು 20 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತೀಯ ಪುಡಿಯನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಲೇಪಿಸಿರುತ್ತಾರೆ. ಮೂರು ಗಂಟೆಯ ಒಂದು ಕ್ಯಾಸೆಟ್‌ನಲ್ಲಿ ಇಂಥ ಪಟ್ಟಿ ಸುಮಾರು 250 ಮೀಟರ್ ಇರುತ್ತದೆ. ಆ ಅಂಟು ಗಾಳಿಯ ತೇವವನ್ನು ಹೀರಿ ಕ್ರಮೇಣ ಶಿಥಿಲವಾಗುತ್ತದೆ; ತೇವಾಂಶ ಶೇ. 65–70 ದಾಟಿದಲ್ಲಿ ಫಂಗಸ್ ಬೆಳೆಯತೊಡಗುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಶೇ. 80ಕ್ಕೂ ಮೇಲೆ ವಾರಗಟ್ಟಲೆ ನಿಲ್ಲುತ್ತದೆ. ಕ್ಯಾಸೆಟ್‌ನ ಮೇಲಿನ ಪಾರದರ್ಶಕ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿ: ಸುತ್ತಿದ ಟೇಪಿನ ಮೇಲ್ಮೈ ಕನ್ನಡಿಯಂತೆ ಕಪ್ಪಾಗಿ ಹೊಳೆಯಬೇಕು, ಅದರ ಬದಲು ಬಿಳಿಯ ಪುಡಿಯೋ, ಜೇಡರ ಬಲೆಯಂಥ ಸಣ್ಣ ಎಳೆಗಳೋ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಲೀನಾಗಳ ಕೆಳಮಾಳಿಗೆಯ ಮನೆಗಳಲ್ಲಿ ನೀರು ಕುಡಿದ ಕ್ಯಾಸೆಟ್‌ಗಳ ಕಥೆ ಬೇರೆಯೇ ಇದೆ.

ಮೂರನೆಯದು ಕಟ್ಟಡಗಳ ಪುನರಭಿವೃದ್ಧಿ. ಚಾಳುಗಳೂ ಹಳೆಯ ಹೌಸಿಂಗ್ ಸೊಸೈಟಿಗಳೂ ಒಂದರ ಹಿಂದೊಂದು ಬಿಲ್ಡರಿಗೆ ಹೋಗುತ್ತಿರುವಾಗ, ಎರಡು ಮೂರು ವರ್ಷ ಬಾಡಿಗೆಯ ಒಂದು ಕೋಣೆಯಲ್ಲಿ ಕಳೆಯಬೇಕಾದ ಸಂಸಾರವು ಅಟ್ಟದಿಂದ ಮೊದಲು ಇಳಿಸಿ ಬಿಸಾಡುವುದು ಈ ಪೆಟ್ಟಿಗೆಯನ್ನೇ. ತೂಕಕ್ಕೆ ಹಾಕಿದರೂ ರದ್ದಿಯವನು ಅದಕ್ಕೆ ಕಾಸು ಕೊಡುವುದಿಲ್ಲ, ಪುಕ್ಕಟೆ ಒಯ್ದರೆ ಉಪಕಾರ ಎನ್ನುವಂತೆ ಮುಖ ಮಾಡುತ್ತಾನೆ.

ಇನ್ನು ಅಂಗಡಿಗಳ ವಿಷಯ. ನನ್ನ ತಂಗಿಯ ಮಗಳು ತನ್ನ ತಂದೆತಾಯಿಯ ಮದುವೆಯ ಕ್ಯಾಸೆಟ್‌ಗಳನ್ನು ಉಪನಗರವೊಂದರ ಅಂಗಡಿಗೆ ಕೊಟ್ಟು ಪೆನ್ ಡ್ರೈವಿಗೆ ಹಾಕಿಸಿಕೊಂಡು ಬಂದಳು. ಮೂರು ಗಂಟೆಯ ಮದುವೆಯನ್ನು 700 ಎಂಬಿಯ ಒಂದು ಎಂಪಿ4 ಕಡತಕ್ಕೆ ಅದುಮಿ ಕೊಟ್ಟಿದ್ದರು. ನಾಲ್ಕಕ್ಕೆ ಮೂರರ ಅಳತೆಯ ಹಳೆಯ ಚಿತ್ರವನ್ನು ಇಂದಿನ ಅಗಲ ಟಿವಿಗೆ ಸರಿಹೊಂದಲೆಂದು ಎಳೆದಿದ್ದರಿಂದ ಬಡಕಲು ದೇಹದ ನಮ್ಮ ದೊಡ್ಡಮ್ಮ ಅಡ್ಡಡ್ಡಕ್ಕೆ ಉಬ್ಬಿಹೋಗಿದ್ದರು. ಮದುಮಗಳು ಹಾರ ಹಾಕಲು ಕೈಯೆತ್ತಿದಾಗ ಆ ಕೈಯ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲುಗಳಂತೆ ಅಡ್ಡಗೆರೆಗಳು. ನೋಡನೋಡುತ್ತ ಹೋದಂತೆ ಮಾತು ಹಿಂದೆ, ತುಟಿ ಮುಂದೆ. ಇಷ್ಟಾದ ಮೇಲೆ, ಇನ್ನು ಈ ಕ್ಯಾಸೆಟ್‌ಗಳು ಏಕೆ, ನಾವೇ ವಿಲೇವಾರಿ ಮಾಡುತ್ತೇವೆ ಎಂದು ಅಂಗಡಿಯವರು ಔದಾರ್ಯ ತೋರಿದ್ದರಂತೆ. ಪುಣ್ಯಕ್ಕೆ ಅವಳು ಒಪ್ಪದೆ ಹಿಂದಕ್ಕೆ ತಂದಿದ್ದಳು. ಅದೇ ಕ್ಯಾಸೆಟ್‌ಗಳನ್ನು ನನ್ನ ಡೆಕ್‌ನಲ್ಲಿ, ಅಂದರೆ ಒಳ್ಳೆಯ ವಿಸಿಆರ್‌ನಲ್ಲಿ, ಹಾಕಿ ಮತ್ತೆ ಏರಿಸಿದಾಗ, ಅಂಗಡಿಯ ಪ್ರತಿಯಲ್ಲಿ ಬರಿಯ ಕಂದು ಕಲೆಯಾಗಿದ್ದ ಹಿಂದಿನ ಸಾಲಿನಲ್ಲಿ ಯಾರು ಯಾರು ಕುಳಿತಿದ್ದಾರೆಂದು ಗುರುತಿಸುವಷ್ಟು ಮುಖಗಳು ಬಂದವು. ಅಂಗಡಿಯವರನ್ನು ಮಾತ್ರ ದೂಷಿಸುವಂತಿಲ್ಲ. ಗಿರಾಕಿ ಕಡಿಮೆ ದರ ಕೇಳುತ್ತಾನೆ, ಮೊಬೈಲಿನಲ್ಲಿ ನೋಡುತ್ತಾನೆ, ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಆದರೆ ಮೂಲವನ್ನು ಬಿಸಾಡಲು ಹೇಳುವುದು ಮಾತ್ರ ಕ್ಷಮಿಸುವಂಥದ್ದಲ್ಲ.

ಈ ದೋಷಗಳಿಗೆಲ್ಲ ಸರಳ ಕಾರಣಗಳಿವೆ, ಅವು ತಿಳಿದಿದ್ದರೆ ಅಂಗಡಿಗೆ ಹೋದರೂ ಸರಿಯಾದದ್ದನ್ನು ಕೇಳಿ ಪಡೆಯಬಹುದು. ನಮ್ಮ ದೇಶದ ಟಿವಿ ಮತ್ತು ವಿಡಿಯೊಗಳ ಪಾಲ್ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು. ಅಡ್ಡಗೆರೆಗಳಿಂದಾದ ಪ್ರತಿಯೊಂದು ಚಿತ್ರವೂ ಸರಿಗೆರೆ, ಬೆಸಗೆರೆ ಎಂದು ಎರಡು ಅರ್ಧಗಳಾಗಿ, ಸೆಕೆಂಡಿನ ಐವತ್ತನೇ ಒಂದು ಪಾಲಿನಷ್ಟು ಹಿಂದುಮುಂದಾಗಿ ದಾಖಲಾಗಿರುತ್ತದೆ. ಹಳೆಯ ಟಿವಿ ಅದನ್ನು ಹಾಗೆಯೇ ತೋರಿಸುತ್ತಿತ್ತು. ಕಂಪ್ಯೂಟರ್ ಎರಡು ಅರ್ಧಗಳನ್ನೂ ಒಮ್ಮೆಗೇ ಜೋಡಿಸಿ ತೋರಿಸುವುದರಿಂದ, ಅಲುಗಾಡಿದ ವಸ್ತುವಿನ ಅಂಚು ಗೆರೆಗೆರೆಯಾಗುತ್ತದೆ. ಆದ್ದರಿಂದ ಟೇಪಿನಿಂದ ಇಳಿಸುವಾಗ 720×576 ಚುಕ್ಕಿಗಳ ಅಳತೆಯಲ್ಲಿ, ಎರಡೂ ಅರ್ಧಗಳು ಇದ್ದ ಹಾಗೆಯೇ ಉಳಿಯುವಂತೆ ಇಳಿಸಿ, ಗೆರೆಗಳನ್ನು ಹೋಗಲಾಡಿಸುವ ಕೆಲಸವನ್ನು ನೋಡುವುದಕ್ಕೆಂದು ಮಾಡುವ ಎರಡನೇ ಪ್ರತಿಯಲ್ಲಿ ಮಾತ್ರ ಮಾಡಬೇಕು. ಚಿತ್ರದ ತೀರಾ ಕೆಳ ಅಂಚಿನಲ್ಲಿ ಸದಾ ಚಡಪಡಿಸುವ ಒಂದು ಪಟ್ಟೆ ಕಾಣುತ್ತದಲ್ಲ, ಅದು ಟೇಪಿನ ದೋಷವಲ್ಲ. ಯಂತ್ರದೊಳಗೆ ಹೆಡ್ಡುಗಳನ್ನು ಹೊತ್ತು ತಿರುಗುವ ಡ್ರಮ್ಮಿನ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಸರದಿ ಬದಲಾಗುವ ಜಾಗ ಅದು. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು.

ಮಾತು ಮತ್ತು ತುಟಿ ಬೇರೆಯಾಗುವುದಕ್ಕೆ ಕಾರಣ, ವಿಸಿಆರ್‌ನಿಂದ ಬರುವ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಅಗ್ಗದ ಕ್ಯಾಪ್ಚರ್ ಕಾರ್ಡು. ಹಳೆಯ ಟೇಪು ಒಂದೇ ಸಮನೆ ಓಡುವುದಿಲ್ಲ, ಕಾಲದ ಲೆಕ್ಕ ಸ್ವಲ್ಪ ಸ್ವಲ್ಪ ತಪ್ಪುತ್ತಿರುತ್ತದೆ. ಟಿವಿ ಅದನ್ನು ಸಹಿಸಿಕೊಂಡರೂ ಕಾರ್ಡು ಸಹಿಸದೆ ಚಿತ್ರಗಳನ್ನು ಕೈಬಿಡುತ್ತದೆ, ಧ್ವನಿ ಮಾತ್ರ ತನ್ನ ಪಾಡಿಗೆ ಸಾಗುತ್ತದೆ. ಇದನ್ನು ಸರಿಪಡಿಸಲು ಡೆಕ್ ಮತ್ತು ಕಾರ್ಡಿನ ನಡುವೆ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಬೇಕು. ವಿಎಚ್‌ಎಸ್‌ನ ಸುಧಾರಿತ ರೂಪವಾದ ಸೂಪರ್ ವಿಎಚ್‌ಎಸ್‌ನ ಕೆಲವು ಒಳ್ಳೆಯ ಡೆಕ್‌ಗಳಲ್ಲಿ ಅದು ಒಳಗೇ ಇರುತ್ತದೆ, ಜತೆಗೆ ಹೊಳಪು ಮತ್ತು ಬಣ್ಣವನ್ನು ಬೇರೆ ಬೇರೆ ತಂತಿಯಲ್ಲಿ ಕಳಿಸುವ ಎಸ್‌ವಿಡಿಯೊ ಹೊರದಾರಿಯೂ ಇರುತ್ತದೆ. ಮನೆಮನೆಗೂ ಇಂಥದ್ದನ್ನು ಕೊಳ್ಳುವುದು ಹುಚ್ಚುತನ. ಒಂದು ಸಂಘ ಕೊಂಡರೆ ನೂರು ಮನೆಗೆ ಆಗುತ್ತದೆ, ನನ್ನ ವಿನಂತಿಯ ಮೂಲ ಇರುವುದೇ ಇಲ್ಲಿ.

ಇಳಿಸಿದ ಮೂಲ ಕಡತವನ್ನು ಅದುಮಬಾರದು. ಯಾವ ವಿವರವೂ ನಷ್ಟವಾಗದಂತೆ ಕಾಪಾಡುವ ಎಫ್‌ಎಫ್‌ವಿ1 ರೂಪದಲ್ಲಿಟ್ಟರೆ ಗಂಟೆಗೆ ಸುಮಾರು 30 ಜಿಬಿ ಬೇಕು. ಅಂದರೆ ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಮೂರು ಗಂಟೆಯ ಹತ್ತು ಹನ್ನೊಂದು ಕ್ಯಾಸೆಟ್ ಹಿಡಿಯುತ್ತವೆ. ಇದು ದೊಡ್ಡ ಮೊತ್ತವಾಗಿ ಕೇಳಿಸಿದರೂ ಒಂದು ಮದುವೆಯ ಹೂವಿನ ಅಲಂಕಾರದ ಖರ್ಚಿನ ಮುಂದೆ ಏನೂ ಅಲ್ಲ. ಮೊಬೈಲಿಗೆ, ಟಿವಿಗೆ ಬೇಕಾದ ಚಿಕ್ಕ ಪ್ರತಿಯನ್ನು ಈ ಮೂಲದಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಇದಕ್ಕೆ ಬೇಕಾದ ವರ್ಚುವಲ್‌ಡಬ್, ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವಸರ ಮಾಡಿದರೆ ಏನಾಗುತ್ತದೆಂಬುದಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ: 2000ದ ದಶಕದ ಆರಂಭದಲ್ಲಿ ನಮ್ಮಲ್ಲಿ ಅನೇಕರು ಕ್ಯಾಸೆಟ್‌ಗಳನ್ನು ವಿಸಿಡಿ (ವಿಡಿಯೊ ಸಿಡಿ) ಮಾಡಿಸಿ ಮೂಲವನ್ನು ಎಸೆದರು. ವಿಸಿಡಿಯ ಅಳತೆ 352×288, ಅಂದರೆ ಮೂಲದ ಗೆರೆಗಳಲ್ಲಿ ಅರ್ಧ ಅಲ್ಲಿಗೇ ಹೋಯಿತು. ಈಗ ಆ ತಟ್ಟೆಗಳೂ ಓದಲು ಬರುತ್ತಿಲ್ಲ. ಓದಲು ಬರುತ್ತಿರುವ ವಿಸಿಡಿ, ಡಿವಿಡಿ ಇದ್ದವರು ಅವುಗಳಲ್ಲಿರುವ ಕಡತಗಳನ್ನು ಇನ್ನೊಂದು ರೂಪಕ್ಕೆ ಬದಲಿಸದೆ ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳುವುದು ಒಳಿತು. ಈಚೆಗೆ ಕೆಲವೆಡೆ ಕೃತಕ ಬುದ್ಧಿಮತ್ತೆಯಿಂದ ಹಳೆಯ ವಿಡಿಯೊವನ್ನು ಅತಿ ಸ್ಪಷ್ಟವಾದ 4ಕೆ ಮಾಡಿಕೊಡುತ್ತೇವೆ ಎಂಬ ಆಮಿಷವೂ ಇದೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ಇರುವಾಗ ಉಳಿದದ್ದನ್ನು ಯಂತ್ರ ಊಹಿಸಿ ತುಂಬುತ್ತದೆ. ಹಾಗೆ ತುಂಬಿದ ಅಜ್ಜನ ಮುಖ ನಮ್ಮ ಅಜ್ಜನದಾಗಿರುವುದಿಲ್ಲ.

ಕ್ಯಾಸೆಟ್‌ಗಳನ್ನು ಮುಟ್ಟುವ ಮುನ್ನ ಮಾಡಬೇಕಾದದ್ದು ಒಂದೆರಡಿದೆ. ಕ್ಯಾಸೆಟ್‌ನ ಬೆನ್ನಿನ ಎಡ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್‌ನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಅನೇಕ ಮನೆಗಳಲ್ಲಿ ಧಾರಾವಾಹಿ ಹಿಡಿಯಲೆಂದು ಆ ತೂತಿಗೆ ಸೆಲೋಟೇಪ್ ಅಂಟಿಸಿರುತ್ತಾರೆ, ಅದನ್ನು ಕಿತ್ತುಹಾಕಿ. ಚೊಕ್ಕಟವಾಗಿರುವ ಕ್ಯಾಸೆಟ್‌ನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿದು ಕುಳಿತ ಟೇಪು ಸಡಿಲಗೊಳ್ಳುತ್ತದೆ. ಬೂಷ್ಟು ಕಂಡ ಕ್ಯಾಸೆಟ್‌ನ್ನು ಮಾತ್ರ ಯಾವ ಕಾರಣಕ್ಕೂ ವಿಸಿಆರ್‌ಗೆ ತೂರಿಸಬಾರದು; ಅದರ ಬೀಜಕಣಗಳು ಯಂತ್ರದ ಒಳಗೆ ಉದುರಿ ಅನಂತರ ಹಾಕುವ ಪ್ರತಿಯೊಂದು ಕ್ಯಾಸೆಟ್‌ಗೂ ಹತ್ತುತ್ತವೆ, ಹೆಡ್ಡೂ ಕಟ್ಟಿಕೊಳ್ಳುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅಂಥವನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟು, ಶುಚಿಮಾಡಲು ತಿಳಿದವರಿಗೆ ಕೊಡಬೇಕು. ಹೆಡ್ ಒರೆಸಲು ಕಿವಿಗೆ ಹಾಕುವ ಹತ್ತಿಕಡ್ಡಿ ಬಳಸುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಹತ್ತಿಯ ಒಂದು ಎಳೆ ಸಿಕ್ಕಿಕೊಂಡರೆ ಹೆಡ್ಡಿನ ತುದಿಯೇ ಮುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಮೆದು ಚರ್ಮದ ತುಂಡನ್ನು ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ನಿಧಾನ ತಿರುಗಿಸಬೇಕೇ ಹೊರತು ಮೇಲೆ ಕೆಳಗೆ ಉಜ್ಜಬಾರದು. ಅಮೆರಿಕದಲ್ಲಿರುವ ಬಂಧುಗಳು ಕಳಿಸಿದ ಕ್ಯಾಸೆಟ್‌ಗಳು ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯವು, ಅವುಗಳಿಗೆ ಆ ಪದ್ಧತಿಯ ಡೆಕ್ಕೇ ಬೇಕು. ನಮ್ಮ ಕೆಲವು ವಿಸಿಆರ್‌ಗಳು ಅವನ್ನು ಟಿವಿಯಲ್ಲಿ ತೋರಿಸುತ್ತವೆಯಾದರೂ ಆ ಮಿಶ್ರ ಸಂಕೇತವನ್ನು ಬಹಳಷ್ಟು ಕ್ಯಾಪ್ಚರ್ ಕಾರ್ಡುಗಳು ಒಪ್ಪುವುದಿಲ್ಲ. 1995ರ ನಂತರ ಬಂದ ಮಿನಿಡಿವಿ ಕ್ಯಾಸೆಟ್‌ಗಳ ದಾರಿ ಸುಲಭ. ಅವುಗಳಲ್ಲಿ ಇರುವುದೇ ಡಿಜಿಟಲ್ ಅಂಕಿಗಳಾದ್ದರಿಂದ ಫೈರ್‌ವೈರ್ ತಂತಿಯಲ್ಲಿ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದ ಹಾಗೆ ನಕಲಾಗುತ್ತದೆ. ಆದರೆ ಹೊಸ ಲ್ಯಾಪ್‌ಟಾಪುಗಳಲ್ಲಿ ಆ ತಂತಿಗೆ ಜಾಗವಿಲ್ಲ, ಅದಕ್ಕಾಗಿ ಒಂದು ಹಳೆಯ ಕಂಪ್ಯೂಟರನ್ನು ಕಾದಿಟ್ಟುಕೊಳ್ಳಬೇಕು.

ನನ್ನನ್ನು ಹೆಚ್ಚು ಕಾಡುವುದು ಧ್ವನಿಯ ವಿಷಯ. ಆ ಕಾಲದಲ್ಲಿ ಮದುವೆ ವಿಡಿಯೊ ಎಂದರೆ ಮಿಕ್ಸಿಂಗ್ ಇರಲೇಬೇಕು. ಹೃದಯದಾಕಾರದ ಕಿಟಕಿಯಿಂದ ವಧು ಇಣುಕಬೇಕು, ಗುಲಾಬಿ ಹೂ ಅರಳಿದಾಗ ವರ ಕಾಣಿಸಬೇಕು, ಮತ್ತು ಆರಂಭದಿಂದ ಅಂತ್ಯದವರೆಗೆ ಸಿನಿಮಾ ಹಾಡು ಮೊಳಗಬೇಕು. ಗಿರಾಕಿಗಳ ಬೇಡಿಕೆಯೇ ಅದಾಗಿತ್ತು, ಪೈಪೋಟಿಯಲ್ಲಿ ನಾವೆಲ್ಲರೂ ಮಾಡಿದೆವು. ಪುರೋಹಿತರ ಮಂತ್ರ, ನಾದಸ್ವರ, ಹಿರಿಯ ಹೆಂಗಸರು ಹೇಳುತ್ತಿದ್ದ ಶೋಭಾನೆ, ಧಾರೆಯ ಹೊತ್ತಿಗೆ ಯಾರೋ ಯಾರನ್ನೋ ಕೂಗಿ ಕರೆದದ್ದು, ಎಲ್ಲವೂ ಹಾಡಿನಡಿ ಹೂತುಹೋದವು. ಇಂದು ಆ ಕ್ಯಾಸೆಟ್ ನೋಡುವವರು ಮೊದಲು ಕೇಳುವ ಪ್ರಶ್ನೆ, ಅಮ್ಮನ ದನಿ ಎಲ್ಲಾದರೂ ಇದೆಯೇ ಎಂದು.

ಕೆಲವೊಮ್ಮೆ ಇದೆ. ವಿಎಚ್‌ಎಸ್ ಟೇಪಿನಲ್ಲಿ ಧ್ವನಿ ಎರಡು ಕಡೆ ಇರಬಹುದು. ಒಂದು, ಟೇಪಿನ ಅಂಚಿನಲ್ಲಿ ನೇರವಾಗಿ ಸಾಗುವ ಸಾಮಾನ್ಯ ಪಟ್ಟಿ. ಇನ್ನೊಂದು, ಹೈಫೈ ಯಂತ್ರಗಳಲ್ಲಿ ಮಾತ್ರ ಇರುವ, ತಿರುಗುವ ಡ್ರಮ್ಮಿನ ಹೆಡ್ಡುಗಳಿಂದಲೇ ಚಿತ್ರದ ಅಡಿಯಲ್ಲಿ ಆಳವಾಗಿ ಮುದ್ರಿತವಾಗುವ ಪಟ್ಟಿ. ದಾಖಲಾದ ಟೇಪಿನ ಮೇಲೆ ಆಡಿಯೊ ಡಬ್ ಗುಂಡಿ ಒತ್ತಿ ಹಾಡು ಸೇರಿಸಿದಾಗ ಅಂಚಿನ ಪಟ್ಟಿಯಷ್ಟೇ ಅಳಿಯುತ್ತದೆ. ಚಿತ್ರವನ್ನು ಅಳಿಸದೆ ಹೈಫೈ ಪಟ್ಟಿಯನ್ನು ಅಳಿಸಲು ಸಾಧ್ಯವೇ ಇಲ್ಲ. ಆದುದರಿಂದ ಮೂಲ ಚಿತ್ರೀಕರಣ ಹೈಫೈ ಯಂತ್ರದಲ್ಲಿ ಆಗಿದ್ದು, ಹಾಡನ್ನು ಆ ಟೇಪಿನ ಮೇಲೆಯೇ ಡಬ್ ಮಾಡಿದ್ದರೆ, ಇಷ್ಟು ವರ್ಷ ಹಾಡು ಮಾತ್ರ ಕೇಳಿಸಿದ ಕ್ಯಾಸೆಟ್‌ನ ಒಳಗೆ ಮಂಟಪದ ಮೂಲ ಧ್ವನಿ ಹಾಗೆಯೇ ಉಳಿದಿರುತ್ತದೆ. ಸಾಧಾರಣ ವಿಸಿಆರ್‌ನಲ್ಲಿ ಅದು ಕೇಳಿಸುವುದಿಲ್ಲ, ಹೈಫೈ ಡೆಕ್‌ನಲ್ಲಿ ಧ್ವನಿಯ ಆಯ್ಕೆಯನ್ನು ಬದಲಿಸಿ ನೋಡಬೇಕು. ಒಂದು ಡೆಕ್‌ನಿಂದ ಇನ್ನೊಂದಕ್ಕೆ ನಕಲಿಸುವಾಗಲೇ ಹಾಡು ಹಾಕಿದ್ದರೆ ಆ ಪ್ರತಿಯಲ್ಲಿ ಆಸೆಯಿಲ್ಲ. ಆಗ ಹುಡುಕಬೇಕಾದದ್ದು ಕ್ಯಾಮೆರಾದಲ್ಲಿ ಓಡಿದ ಮಾಸ್ಟರ್ ಕ್ಯಾಸೆಟ್‌ಗಳನ್ನು. ಬಣ್ಣದ ಹೊದಿಕೆ, ವಧೂವರರ ಫೋಟೊ ಇರುವ ಕ್ಯಾಸೆಟ್‌ನ್ನು ಷೋಕೇಸಿನಲ್ಲಿಟ್ಟು, ಪೆನ್ಸಿಲಿನಲ್ಲಿ ಒಂದು, ಎರಡು ಎಂದಷ್ಟೇ ಬರೆದಿದ್ದ ಮಾಸ್ಟರ್‌ಗಳನ್ನು ಅಟ್ಟಕ್ಕೆ ಎಸೆದ ಮನೆಗಳೇ ಹೆಚ್ಚು. ರದ್ದಿಗೆ ಮೊದಲು ಹೋಗುವುದೂ ಅವೇ. ಮನೆಯವರು ದಯಮಾಡಿ ಅವುಗಳನ್ನು ಮೊದಲು ಹುಡುಕಲಿ.

ಇಷ್ಟನ್ನು ಒಂದು ಮನೆಯವರು ಮಾಡಿಕೊಳ್ಳುವುದು ಕಷ್ಟ, ಏಕೆಂದರೆ ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆ ಬೇಕೇ ಬೇಕು. ಈ ಕೆಲಸಕ್ಕೆ ಅಡ್ಡದಾರಿಯಿಲ್ಲ. ಸಂಘಗಳಿಗೆ ಇದು ಕಷ್ಟವಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಭವನ ಮೊದಲಾದೆಡೆ ಕಟ್ಟಡವಿದೆ, ವಿದ್ಯುತ್ತಿದೆ, ಹಗಲೆಲ್ಲ ಖಾಲಿಯಿರುವ ಕೋಣೆಯಿದೆ, ಹವಾನಿಯಂತ್ರಣವೂ ಇದೆ. ಎಲ್ಲರೂ ಬೇರೆ ಬೇರೆ ಮಾಡುವ ಅಗತ್ಯವಿಲ್ಲ. ಯಾರಾದರೂ ಒಬ್ಬರು ಯಂತ್ರ ಇಟ್ಟು ಉಳಿದವರು ಕ್ಯಾಸೆಟ್ ಕಳಿಸಿದರೂ ಸಾಕು. ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವು ಮುಂಬಯಿ ಕನ್ನಡಿಗರ ಬಗ್ಗೆ ಸಂಶೋಧನೆ ನಡೆಸುತ್ತಲೇ ಬಂದಿದೆ, ಅಲ್ಲಿನ ವಿದ್ಯಾರ್ಥಿಗಳು ಕ್ಯಾಸೆಟ್‌ಗಳ ವಿವರಪಟ್ಟಿ ತಯಾರಿಸಬಹುದು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ತುಳುನಾಡಿನ ಕಲೆಗಳನ್ನು ದಾಖಲಿಸಿಡುವ ಕೆಲಸ ಮಾಡಿರುವಾಗ, ಅದೇ ಕಲೆಗಳು ಮುಂಬಯಿಯ ರಂಗಮಂಟಪಗಳಲ್ಲಿ ಹೇಗಿದ್ದವೆಂಬ ದಾಖಲೆಯನ್ನು ನಾವು ಮಾಡದೆ ಮತ್ತಾರು ಮಾಡಬೇಕು? ಪುಣೆಯಲ್ಲಿ 1964ರಿಂದ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸಿನಿಮಾಗಳಿಗಾಗಿ ಇರುವಂಥದ್ದು, ಮನೆಯ ಕ್ಯಾಸೆಟ್‌ಗಳನ್ನು ಅದರ ಬಾಗಿಲಿಗೆ ಒಯ್ಯುವಂತಿಲ್ಲ.

ಯಂತ್ರಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಕ್ಯಾಸೆಟ್ ಏರಿಸಿದ ಮೇಲೆ ಅದರಲ್ಲಿ ಇರುವವರು ಯಾರೆಂದು ಹೇಳಬಲ್ಲ ಹಿರಿಯರನ್ನು ಕೂರಿಸಿ ತೋರಿಸಬೇಕು. ಅವರು ನೋಡುತ್ತ ನೋಡುತ್ತ ಹೇಳುವುದನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅದೇ ಕಡತದ ಜತೆಗಿಡಬೇಕು. ಈತ ಇಂಥ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರು, ಆಕೆ ಇಂಥವರ ಅತ್ತಿಗೆ, ಭಾಗವತರ ಹಿಂದೆ ಶ್ರುತಿ ಹಿಡಿದವನು ನಮ್ಮ ಚಾಳಿನವನೇ ಎಂಬ ಮಾತುಗಳು ಬೇರೆಲ್ಲೂ ಸಿಗುವುದಿಲ್ಲ. ಕಡತಕ್ಕೆ ವರ್ಷ, ಸ್ಥಳ, ಸಂದರ್ಭಗಳನ್ನೇ ಹೆಸರಾಗಿ ಕೊಡಬೇಕು. ಪೆನ್ ಡ್ರೈವಿನಲ್ಲಿ ಬರಿಯ ಕ್ರಮಸಂಖ್ಯೆಯಿರುವ ಕಡತಗಳು ಮುಂದಿನವರಿಗೆ ನಿಷ್ಪ್ರಯೋಜಕ. ಪ್ರತಿಗಳು ಎರಡಾದರೂ ಇರಲಿ, ಅವುಗಳಲ್ಲಿ ಒಂದು ಮುಂಬಯಿಯ ಹೊರಗೆ, ಊರಿನಲ್ಲೋ ಪುಣೆಯಲ್ಲೋ ಇರಲಿ. ಮೂಲ ಕ್ಯಾಸೆಟ್‌ಗಳನ್ನು ಆ ಮೇಲೂ ಎಸೆಯಬಾರದು, ನೆಟ್ಟಗೆ ನಿಲ್ಲಿಸಿ ಒಣ ಜಾಗದಲ್ಲಿಡಬೇಕು. ಏಕೆಂದರೆ ಹೆಡ್ ಹಿಡಿದ ಸಂಕೇತವನ್ನು ನೇರವಾಗಿ ಕಂಪ್ಯೂಟರಿಗೆ ಇಳಿಸಿ ಇನ್ನೂ ಉತ್ತಮ ಚಿತ್ರ ಪಡೆಯುವ ವಿಧಾನಗಳು ಈಗಾಗಲೇ ಬಂದಿವೆ.

ಒಂದು ಎಚ್ಚರವನ್ನೂ ಹೇಳಬೇಕು. ಸಂಗ್ರಹವಾದದ್ದೆಲ್ಲವನ್ನೂ ಯೂಟ್ಯೂಬಿಗೆ ಏರಿಸುವ ಉತ್ಸಾಹ ಬೇಡ. ಮನೆಯ ಸಮಾರಂಭ ಮನೆಯವರದು. ಯಕ್ಷಗಾನ, ನಾಟಕಗಳ ವಿಷಯದಲ್ಲೂ 1994ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯಿದೆ ಪ್ರದರ್ಶನ ನೀಡಿದ ಕಲಾವಿದರ ಹಕ್ಕನ್ನು ಮಾನ್ಯ ಮಾಡಿದೆ, ಅದರ ಅವಧಿ ಈಗ 50 ವರ್ಷ. ಕಲಾವಿದರಿದ್ದರೆ ಅವರನ್ನು, ಇಲ್ಲದಿದ್ದರೆ ಅವರ ಮನೆಯವರನ್ನು ಕೇಳಿ, ಅವರಿಗೂ ಒಂದು ಪ್ರತಿ ಕೊಟ್ಟರೆ ಬೇಡವೆನ್ನುವವರು ವಿರಳ.

ಮುಂದಿನ ಮಳೆಗಾಲದೊಳಗೆ ಯಾವುದಾದರೂ ಒಂದು ಸಂಘ ಆರಂಭಿಸಲಿ ಎಂಬುದು ನನ್ನ ಕೋರಿಕೆ. ನನ್ನ ಬಳಿ ಟೈಮ್ ಬೇಸ್ ಕರೆಕ್ಟರ್ ಒಳಗೊಂಡ ಒಂದು ಸೂಪರ್ ವಿಎಚ್‌ಎಸ್ ಹೈಫೈ ಡೆಕ್ಕೂ, ಫೈರ್‌ವೈರ್ ಇರುವ ಒಂದು ಹಳೆಯ ಕಂಪ್ಯೂಟರೂ ಸುಸ್ಥಿತಿಯಲ್ಲಿವೆ. ಸಂಘವೊಂದು ಬೀಗವಿರುವ ಒಣ ಕೋಣೆಯನ್ನೂ, ವಾರದಲ್ಲಿ ಎರಡು ದಿನ ಬರಬಲ್ಲ ಒಬ್ಬ ಯುವಕನನ್ನೋ ಯುವತಿಯನ್ನೋ ಒದಗಿಸಿದರೆ ಅವೆರಡನ್ನೂ ಉಚಿತವಾಗಿ ಕೊಟ್ಟು, ಕೆಲಸ ಕೈಹತ್ತುವವರೆಗೆ ಬಂದು ಕಲಿಸಿಕೊಡಲು ಸಿದ್ಧನಿದ್ದೇನೆ. ಆಸಕ್ತ ಸಂಘಗಳ ಪದಾಧಿಕಾರಿಗಳು ತಮ್ಮ ಪತ್ರಿಕಾ ಕಚೇರಿಯ ಮೂಲಕ ನನ್ನನ್ನು ಸಂಪರ್ಕಿಸಲು ಅವಕಾಶ ಮಾಡಿಕೊಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಡಿಯೊಗ್ರಾಫರ್,
ಡೊಂಬಿವಲಿ ಪೂರ್ವ